ಗೊತ್ತಿಲ್ಲ ಎನ್ನಬಲ್ಲ ಡಾಕ್ಟರು ಬೇಕು

ಮಗುವಿಗೆ ಒಂದೇ ಒಂದು ಸಲ ಫಿಟ್ಸ್ ಬಂದಿರಲಿ, ಮನೆಯವರಿಗೆ ಸಂಜೆಯೊಳಗೆ ಉತ್ತರ ಬೇಕು. ಇದು ಮೂರ್ಛೆರೋಗವೋ ಅಲ್ಲವೋ? ಮತ್ತೆ ಬರುತ್ತದೋ ಇಲ್ಲವೋ? ಮಾತ್ರೆ ಎಷ್ಟು ವರ್ಷ? ‘ಈಗಲೇ ಹೇಳೋಕಾಗಲ್ಲಮ್ಮ, ನೋಡೋಣ’ ಎಂದ ಡಾಕ್ಟರಿಗೆ ಏನೂ ಬಾರದು ಎಂದು ತೀರ್ಮಾನಿಸಿ ಜನ ಮುಂದಿನ ಊರಿನ ಡಾಕ್ಟರ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಸ್ಕ್ಯಾನು, ಮಿದುಳಿನ ಅಲೆಗಳನ್ನು ಗೆರೆಗಳಾಗಿ ತೋರಿಸುವ ಇಇಜಿ, ಒಂದು ಬಾಟಲಿ ಸಿರಪ್ಪು ಎಲ್ಲವೂ ಸಿಗುತ್ತವೆ. ಜೊತೆಗೆ ಒಂದು ಹೆಸರೂ ಸಿಗುತ್ತದೆ. ಒಳ್ಳೆಯ ವೈದ್ಯ ಅಂದರೆ ಅನುಮಾನವನ್ನು ಅಂದೇ ಮುಗಿಸುವವನು ಎಂಬ ಈ ನಂಬಿಕೆ ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ, ಎಷ್ಟೋ ಡಾಕ್ಟರುಗಳ ಒಳಗೂ ಇದೆ. ಮೊದಲ ಫಿಟ್ಸಿನ ಮಟ್ಟಿಗೆ ಈ ನಂಬಿಕೆ ತಪ್ಪು, ಮತ್ತು ಇದರ ಬೆಲೆಯನ್ನು ತೆರುವವರು ಮಕ್ಕಳು.

ಕೋಲಾರ ಜಿಲ್ಲೆಯ ನಂಗಲಿಯಂಥ ಊರಿನಲ್ಲಿ ಈ ಅವಸರಕ್ಕೆ ದಾರಿಗಳೂ ಹೆಚ್ಚು. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಗಡಿಯಾಗಿ ಕಾಣಿಸಿಕೊಳ್ಳುವ ಈ ಊರು ಇವತ್ತಿಗೂ ಗಡಿಯೇ. ಪಡುವಣಕ್ಕೆ ಹೊರಟರೆ ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆ, ಮುಂದೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ಮೂಡಣಕ್ಕೆ ಹೊರಟರೆ ಆಂಧ್ರದ ಪಲಮನೇರು, ಚಿತ್ತೂರು, ಅದನ್ನೂ ದಾಟಿದರೆ ತಮಿಳುನಾಡಿನ ವೆಲ್ಲೂರು. ಕನ್ನಡ ತೆಲುಗು ಎರಡೂ ಆಡುವ ಮನೆಗಳಲ್ಲಿ ಎರಡೂ ಕಡೆ ನೆಂಟರಿರುತ್ತಾರೆ, ಅವರವರು ತಿಳಿದ ಡಾಕ್ಟರ ಹೆಸರು ಹೇಳುತ್ತಾರೆ. ಹೀಗೆ ಊರೂರು ಸುತ್ತಿದ ಮಗುವಿನ ಚೀಲದಲ್ಲಿ ಮೂರು ಆಸ್ಪತ್ರೆಯ ಚೀಟಿಗಳು, ಎರಡು ಬೇರೆ ಬೇರೆ ಸಿರಪ್ಪುಗಳು ಸೇರಿಕೊಳ್ಳುತ್ತವೆ. ಆದರೆ ಆ ದಿನ ನಿಜಕ್ಕೂ ಏನು ನಡೆಯಿತು ಎಂದು ಬರೆದ ನಾಲ್ಕು ಸಾಲು ಯಾವ ಚೀಟಿಯಲ್ಲೂ ಇರುವುದಿಲ್ಲ.

ಮೊದಲು ಗೊತ್ತಿರುವುದನ್ನು ನೋಡಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರ ಏರಿದಾಗ ಫಿಟ್ಸ್ ಬರುತ್ತದೆ. ಮೈಯೆಲ್ಲ ಅದುರಿ, ಹದಿನೈದು ನಿಮಿಷದೊಳಗೆ ನಿಂತು, ಒಂದು ದಿನದೊಳಗೆ ಮರುಕಳಿಸದಿದ್ದರೆ ಅದು ಸಾಧಾರಣ ಜ್ವರದ ಫಿಟ್ಸ್. ಅಂಥ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು. ಮುಂದೆ ಮೂರ್ಛೆರೋಗ ಆಗುವ ಸಂಭವ ಮಾತ್ರ 100ಕ್ಕೆ ಒಂದೆರಡು. ಜ್ವರದ ಫಿಟ್ಸ್ ಬಾರದ ಮಕ್ಕಳಿಗಿಂತ ಸ್ವಲ್ಪವೇ ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ: ಸಾಧಾರಣ ಜ್ವರದ ಫಿಟ್ಸ್ ಆಗಿ ಚೇತರಿಸಿಕೊಂಡ ಮಗುವಿಗೆ ವಾಡಿಕೆಯಂತೆ ಇಇಜಿ ಬೇಡ, ತಲೆಯ ಸ್ಕ್ಯಾನ್ ಬೇಡ. ಹುಡುಕಬೇಕಾದದ್ದು ಜ್ವರ ಯಾಕೆ ಬಂತು ಎಂಬುದನ್ನು.

ಜ್ವರವಿಲ್ಲದೆ ಬಂದ ಮೊದಲ ಫಿಟ್ಸಿನ ಕತೆ ಬೇರೆ. ಅನಿಶ್ಚಿತತೆ ನಿಜಕ್ಕೂ ದಟ್ಟವಾಗಿರುವುದು ಇಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶ್ಲೋಮೊ ಶಿನ್ನರ್ ಮತ್ತು ಸಂಗಡಿಗರು ಇಂಥ 407 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. 100ಕ್ಕೆ 42 ಮಕ್ಕಳಿಗೆ ಮತ್ತೆ ಫಿಟ್ಸ್ ಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರಲೇ ಇಲ್ಲ. ಹಾಗಾಗಿ ಮೊದಲ ದಿನ ‘ಇದು ಮೂರ್ಛೆರೋಗವೇ’ ಎಂದವರೂ ‘ಇನ್ನೆಂದೂ ಬರಲ್ಲ’ ಎಂದವರೂ ತಮಗೆ ತಿಳಿಯದ್ದನ್ನು ಹೇಳಿದಂತೆಯೇ. ಮೂರ್ಛೆರೋಗ ಎಂಬ ಹೆಸರಿಡಲು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2014ರಲ್ಲಿ ಮುಂದಿಟ್ಟ ಅಳತೆಯೂ ಬಿಗಿಯಾದದ್ದು: ತಕ್ಷಣದ ಕಾರಣವಿಲ್ಲದೆ ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದಿರಬೇಕು. ಒಂದೇ ಸಲ ಬಂದಿದ್ದರೆ, ಮುಂದಿನ ಹತ್ತು ವರ್ಷದಲ್ಲಿ ಮರುಕಳಿಸುವ ಸಂಭವ ಎರಡು ಸಲ ಬಂದವರಷ್ಟೇ, ಅಂದರೆ 100ಕ್ಕೆ 60ಕ್ಕೆ ಕಡಿಮೆಯಿಲ್ಲದಷ್ಟು ಇರಬೇಕು. ಇಲ್ಲವೇ ಗುರುತಿಸಬಲ್ಲ ಒಂದು ಅಪಸ್ಮಾರ ಲಕ್ಷಣಕೂಟವಾಗಿರಬೇಕು. ತಜ್ಞರೇ ಹೆಸರಿಡಲು ಇಷ್ಟು ಹಿಂಜರಿಯುವಾಗ, ಅದೇ ಹೆಸರು ಆಸ್ಪತ್ರೆಯ ಹೊರಗಿನ ಟೀ ಅಂಗಡಿಯಲ್ಲಿ ಸಲೀಸಾಗಿ ಓಡಾಡುತ್ತದೆ.

‘ಆಯ್ತು, ರೋಗ ಹೌದೋ ಅಲ್ಲವೋ, ಯಾವುದಕ್ಕೂ ಇರಲಿ ಅಂತ ಒಂದು ಮಾತ್ರೆ ಹಾಕಿಬಿಡೋಣ, ಏನು ತೊಂದರೆ?’ ಈ ಮಾತು ಎಲ್ಲ ಕಡೆ ಕೇಳಿಸುತ್ತದೆ, ಕೇಳಲು ಜವಾಬ್ದಾರಿಯ ಮಾತಿನಂತೆಯೂ ಇದೆ. ತೊಂದರೆ ಏನೆಂದು 1990ರಲ್ಲೇ ಅಳೆದು ನೋಡಲಾಗಿದೆ. ಜ್ವರದ ಫಿಟ್ಸ್ ಬಂದಿದ್ದ 217 ಎಳೆಯ ಮಕ್ಕಳಲ್ಲಿ ಒಂದು ಗುಂಪಿಗೆ ಫಿನೋಬಾರ್ಬಿಟಾಲ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆ ಬರೆದುಕೊಟ್ಟು, ಎರಡು ವರ್ಷದ ನಂತರ ಬುದ್ಧಿಮಟ್ಟ ಪರೀಕ್ಷಿಸಿದರು. ಔಷಧದ ಗುಂಪಿನ ಸರಾಸರಿ ಐಕ್ಯೂ ಎಂಟು ಅಂಕಕ್ಕೂ ಹೆಚ್ಚು ಕೆಳಗಿತ್ತು. ಫಿಟ್ಸ್ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ, ಎರಡು ಗುಂಪುಗಳ ನಡುವೆ ಅರ್ಥವಿರುವಂಥ ವ್ಯತ್ಯಾಸವೇ ಕಾಣಲಿಲ್ಲ. ಸೋಡಿಯಂ ವಾಲ್‌ಪ್ರೋಯೇಟ್ ಸಿರಪ್ಪಿನದ್ದು ಇನ್ನೊಂದು ಬಗೆಯ ಎಚ್ಚರಿಕೆ: ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಅಪರೂಪಕ್ಕೆ ಯಕೃತ್ತನ್ನು ಜೀವ ಹೋಗುವಷ್ಟು ಕೆಡಿಸಬಲ್ಲದು.

ಮಾತ್ರೆಯನ್ನು ಬೇಗ ಶುರು ಮಾಡಿದರೆ ರೋಗವನ್ನು ಮೊಳಕೆಯಲ್ಲೇ ಚಿವುಟಬಹುದು ಎಂಬ ಆಸೆಗೂ ಉತ್ತರ ಸಿಕ್ಕಿದೆ. ಬ್ರಿಟಿಷ್ ಸಂಶೋಧಕರ ಮುಂದಾಳುತನದಲ್ಲಿ ನಡೆದು 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ 1443 ಜನರಿದ್ದರು, ದೊಡ್ಡವರೂ ಮಕ್ಕಳೂ ಸೇರಿ. ಒಂದು ಗುಂಪಿಗೆ ಕೂಡಲೇ ಮಾತ್ರೆ, ಇನ್ನೊಂದಕ್ಕೆ ಅಗತ್ಯ ಕಂಡಾಗ. ಮೊದಲ ಗುಂಪಿನಲ್ಲಿ ಆರಂಭದ ಒಂದೆರಡು ವರ್ಷ ಫಿಟ್ಸ್ ಕಡಿಮೆ ಇದ್ದದ್ದು ನಿಜ. ಐದು ವರ್ಷ ಕಳೆಯುವ ಹೊತ್ತಿಗೆ ಫಿಟ್ಸಿಲ್ಲದೆ ಬದುಕುತ್ತಿದ್ದವರು ಒಂದರಲ್ಲಿ 100ಕ್ಕೆ 76, ಇನ್ನೊಂದರಲ್ಲಿ 77. ಮಾತ್ರೆ ಫಿಟ್ಸನ್ನು ತಡೆದು ನಿಲ್ಲಿಸುತ್ತದೆ, ರೋಗದ ಹಾದಿಯನ್ನು ಬದಲಿಸುವುದಿಲ್ಲ. ಹಾಗಿದ್ದ ಮೇಲೆ ಎರಡನೆಯ ಫಿಟ್ಸ್ ಬರುವವರೆಗೆ ಕಾಯುವುದರಿಂದ ಮಗುವಿನ ಭವಿಷ್ಯ ಹಾಳಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಯಂತ್ರಗಳ ಮೇಲಿನ ಭಕ್ತಿಯನ್ನು ಇನ್ನೂ ಗಟ್ಟಿಯಾಗಿ ಪ್ರಶ್ನಿಸಬೇಕಿದೆ. ಇಇಜಿ ಸರಿಯಾಗಿದ್ದರೆ ಮರುಕಳಿಸುವ ಸಂಭವ ಇಳಿಯುತ್ತದೆ, ಕೆಟ್ಟಿದ್ದರೆ ಏರುತ್ತದೆ. ಅದು ಕೊಡುವುದು ಅಷ್ಟನ್ನೇ. ಮೂರ್ಛೆರೋಗ ಇರುವ ಮಗುವಿನ ಇಇಜಿ ಸರಿಯಾಗಿ ಬರಬಹುದು, ಎಂದೂ ಫಿಟ್ಸ್ ಬಾರದ ಮಗುವಿನ ಇಇಜಿಯಲ್ಲಿ ವಕ್ರಗೆರೆಗಳು ಕಾಣಬಹುದು. ಸ್ಕ್ಯಾನಿನ ಕತೆ ನಂಗಲಿಯಿಂದ ಹೆಚ್ಚು ದೂರವಲ್ಲದ ವೆಲ್ಲೂರಿನಲ್ಲೇ ನಡೆದಿದೆ, ಅದನ್ನು ಈ ಭಾಗದ ಪ್ರತಿ ಮನೆಯೂ ತಿಳಿದಿರಬೇಕು. ಸಿಟಿ ಸ್ಕ್ಯಾನ್ ಭಾರತದ ದೊಡ್ಡ ಆಸ್ಪತ್ರೆಗಳಿಗೆ ಬಂದಾಗ, ಫಿಟ್ಸ್ ಬಂದ ಎಷ್ಟೋ ಮಕ್ಕಳ, ಯುವಕರ ಮಿದುಳಿನಲ್ಲಿ ಒಂದು ಪುಟ್ಟ ಹೊಳೆಯುವ ಚುಕ್ಕೆ ಕಾಣತೊಡಗಿತು. ಕ್ಷಯರೋಗದ ದೇಶ ಇದು, ಆದ್ದರಿಂದ ಅದು ಕ್ಷಯದ ಗಂಟೇ ಎಂದು ಬಹಳ ಜನ ವೈದ್ಯರು ತೀರ್ಮಾನಿಸಿದರು. ಎಷ್ಟೋ ಜನ ತಿಂಗಳುಗಟ್ಟಲೆ ಟಿಬಿ ಔಷಧ ನುಂಗಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಜೊತೆಗಾರರು ಇಂಥ ಗಂಟುಗಳ ಅಂಗಾಂಶವನ್ನೇ ತೆಗೆದು ಪರೀಕ್ಷಿಸಿ, 1990ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು: ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಮರಿ ಸಾಯುತ್ತ ಉಳಿಸಿದ ಗುರುತು. ಎಷ್ಟೋ ಚುಕ್ಕೆಗಳು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯವಾಗುತ್ತಿದ್ದವು. ಟಿಬಿ ಔಷಧದಿಂದ ವಾಸಿಯಾಯಿತು ಎಂದುಕೊಂಡಿದ್ದ ಎಷ್ಟೋ ಪ್ರಕರಣಗಳು ಹೀಗೆ ತಾವಾಗಿ ವಾಸಿಯಾದವೇ ಆಗಿದ್ದವು.

ಈ ಚರಿತ್ರೆಯಿಂದ ಸ್ಕ್ಯಾನೇ ಬೇಡ ಎಂದು ಹೊರಡುವುದಿಲ್ಲ. ಜ್ವರವಿಲ್ಲದೆ ಫಿಟ್ಸ್ ಬಂದ ಮಗುವಿಗೆ, ಅದರಲ್ಲೂ ಒಂದೇ ಕೈ, ಒಂದೇ ಕಾಲು ಅದುರಿದ್ದರೆ, ನಮ್ಮ ದೇಶದಲ್ಲಿ ಸ್ಕ್ಯಾನ್ ಮಾಡಿಸುವುದು ಸರಿ. ಕಾರಣ ಅದೇ ಹುಳು. ಹಂದಿಮಾಂಸ ಮುಟ್ಟದ ಮನೆಗಳಿಗೂ ಇದು ಬರುತ್ತದೆ, ಏಕೆಂದರೆ ಹುಳುವಿನ ಮೊಟ್ಟೆ ಮನುಷ್ಯರ ಮಲದಿಂದ ನೀರಿಗೆ, ಹಸಿ ತರಕಾರಿಗೆ, ತೊಳೆಯದ ಕೈಗೆ ಬಂದು ಸೇರುತ್ತದೆ. ಅಂಥ ಗಂಟು ಸಿಕ್ಕರೆ ಫಿಟ್ಸಿನ ಮಾತ್ರೆಯೂ ಬೇಕು, ಹೆಚ್ಚಿನ ಮಕ್ಕಳಿಗೆ ಅದು ಕೆಲವು ಕಾಲಕ್ಕಷ್ಟೇ. ಆದರೆ ಚಿತ್ರ ಕಂಡ ಕೂಡಲೇ ಕಾರಣವೂ ಕಂಡಿತು ಎಂದು ನಂಬಿದ್ದಕ್ಕೆ ದೇಶದ ತುಂಬ ರೋಗಿಗಳು ತೆತ್ತದ್ದನ್ನು ಮರೆಯಬಾರದು. ಅಂದು ‘ಗೊತ್ತಿಲ್ಲ, ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ’ ಎಂದ ವೈದ್ಯನೇ ಉಳಿದವರಿಗಿಂತ ಸತ್ಯಕ್ಕೆ ಹತ್ತಿರವಿದ್ದ.

ಯಂತ್ರ ಕಾಣದ್ದನ್ನು ಮಾತು ಕಂಡುಹಿಡಿಯುತ್ತದೆ ಎಂಬುದಕ್ಕೆ ಹಳೇ ಮೈಸೂರು ಸೀಮೆಗಿಂತ ಒಳ್ಳೆಯ ಸಾಕ್ಷಿ ಜಗತ್ತಿನಲ್ಲಿ ಇನ್ನೊಂದಿಲ್ಲ. ತಲೆಗೆ ಬಿಸಿನೀರು ಹೊಯ್ಯುವಾಗಲಷ್ಟೇ ಬರುವ ಫಿಟ್ಸ್ ಜಗತ್ತಿನ ಬೇರೆಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಸಾಮಾನ್ಯ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಇದರತ್ತ ವೈದ್ಯಲೋಕದ ಗಮನ ಸೆಳೆದರು. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ವಿವರಗಳನ್ನು ಪ್ರಕಟಿಸಿದರು. ವಾರಕ್ಕೊಮ್ಮೆಯೋ ಹಬ್ಬಕ್ಕೋ ಹಂಡೆಯಲ್ಲಿ ನೀರು ಕಾಯಿಸಿ, ಚೊಂಬಿನಲ್ಲಿ ಬಿಡುವಿಲ್ಲದೆ ತಲೆಗೆ ಹೊಯ್ಯುವ ನಮ್ಮ ಅಭ್ಯಂಜನದ ರೂಢಿಯೇ ಇಲ್ಲಿ ಫಿಟ್ಸನ್ನು ಕೆರಳಿಸುತ್ತದೆ. ಇಂಥ ಮಗುವಿನ ಇಇಜಿ ಬೇರೆ ಹೊತ್ತಿನಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತದೆ, ಸ್ಕ್ಯಾನ್‌ನಲ್ಲಿ ಏನೂ ಇರುವುದಿಲ್ಲ. ‘ಎಲ್ಲಿ ಬಂತಮ್ಮ?’ ಎಂದು ಡಾಕ್ಟರು ಕೇಳಿ, ‘ಬಚ್ಚಲಲ್ಲಿ, ತಲೆಗೆ ನೀರು ಹಾಕ್ತಾ ಇದ್ದೆ’ ಎಂದು ತಾಯಿ ಹೇಳಿದರೆ ಅರ್ಧ ರೋಗನಿರ್ಣಯ ಮುಗಿಯಿತು. ನೀರಿನ ಬಿಸಿ ತಗ್ಗಿಸಿ, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಎಷ್ಟೋ ಮಕ್ಕಳಿಗೆ ದಿನದಿನದ ಮಾತ್ರೆಯೇ ಬೇಕಾಗುವುದಿಲ್ಲ. ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಕ್ಲೋಬಜಾಮ್ ಮಾತ್ರೆ ಸಾಕಾಗುತ್ತದೆ. ಆ ಪ್ರಶ್ನೆ ಕೇಳಲು ಎರಡು ನಿಮಿಷ ಹಿಡಿಯುತ್ತದೆ. ಜನ ಹಣ ಕೊಟ್ಟು ಹೊಗಳುವುದು ಮಾತ್ರ ಸ್ಕ್ಯಾನನ್ನು.

ಅದು ಫಿಟ್ಸೇ ಹೌದೇ ಎಂಬ ಪ್ರಶ್ನೆಯೂ ಉಳಿದಿದೆ. ಅತ್ತು ಅತ್ತು ಉಸಿರು ಹಿಡಿದು ನೀಲಿಗಟ್ಟುವ ಎರಡು ವರ್ಷದ ಮಗು, ಪ್ರಾರ್ಥನೆಗೆ ಬಿಸಿಲಲ್ಲಿ ನಿಂತು ಕಣ್ಣುಕತ್ತಲೆ ಬಂದು ಬಿದ್ದ ಹುಡುಗಿ, ನಡುರಾತ್ರಿ ಚೀರಿ ಎದ್ದು ಯಾರನ್ನೂ ಗುರುತಿಸದೆ ಮತ್ತೆ ಮಲಗುವ ಹುಡುಗ ಇವರೆಲ್ಲ ನೋಡುವವರಿಗೆ ಫಿಟ್ಸಿನಂತೆಯೇ ಕಾಣುತ್ತಾರೆ. ತಲೆ ಸುತ್ತಿ ಬಿದ್ದವರಿಗೂ ಕೈಕಾಲು ನಾಲ್ಕು ಸಲ ಅದುರುವುದುಂಟು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹೀಗೆ ಬೇರೆ ಏನೋ ಆಗಿದ್ದ ಮಕ್ಕಳಿಗೂ ಮೂರ್ಛೆರೋಗದ ಹೆಸರಿಟ್ಟು, ವರ್ಷಗಟ್ಟಲೆ ಭಾರೀ ಪ್ರಮಾಣದ ಔಷಧ ಕೊಟ್ಟದ್ದು 2001ರ ಹೊತ್ತಿಗೆ ಬಯಲಾಯಿತು. ಮರುಪರಿಶೀಲನೆಯಲ್ಲಿ ಅಂಥ ಮಕ್ಕಳು ಆರುನೂರಕ್ಕೂ ಹೆಚ್ಚು ಎಂದು ಕಂಡುಬಂತು. ಯಂತ್ರಗಳೂ ತಜ್ಞರೂ ಇದ್ದ ಶ್ರೀಮಂತ ದೇಶದಲ್ಲಿ, ಅವಸರದಿಂದ ಇಟ್ಟ ಹೆಸರನ್ನು ಯಾರೂ ವರ್ಷಗಳವರೆಗೆ ಮತ್ತೆ ಕೇಳಲಿಲ್ಲ. ಹೆಸರಿನ ಅಪಾಯವೇ ಅದು, ಒಮ್ಮೆ ಅಂಟಿದರೆ ಪ್ರಶ್ನೆಗಳು ನಿಂತುಹೋಗುತ್ತವೆ.

ಹಳ್ಳಿಯ ಅವಸರ ಇನ್ನೊಂದು ದಿಕ್ಕಿಗೆ ಓಡುತ್ತದೆ. ಬಾಲಗ್ರಹ, ಗಾಳಿ ಸೋಕಿದೆ, ಹಲ್ಲು ಬರುವಾಗ ಹೀಗೇ ಆಗುತ್ತದೆ. ತಾಯತ ಕಟ್ಟಿಸಿದರೆ, ಹರಕೆ ಹೊತ್ತರೆ ಯಾರಿಗೂ ಕೆಡುಕಿಲ್ಲ, ಭಯದಲ್ಲಿರುವ ತಾಯಿಗೆ ಅದರಿಂದ ಧೈರ್ಯ ಬರುವುದಾದರೆ ಬರಲಿ. ಕೆಡುಕು ಇರುವುದು ಎಳೆಯ ಮೈಗೆ ಬರೆ ಹಾಕುವುದರಲ್ಲಿ, ಹಲ್ಲು ಕಚ್ಚಿದ ಬಾಯಿಗೆ ಚಮಚ ತುರುಕುವುದರಲ್ಲಿ, ಪ್ರಜ್ಞೆ ಇಲ್ಲದ ಮಗುವಿಗೆ ನೀರು ಕುಡಿಸುವುದರಲ್ಲಿ. ಕೈಗೆ ಬೀಗದ ಕೈ ಹಿಡಿಸಿದರೆ ಫಿಟ್ಸ್ ನಿಂತಿತು ಎನ್ನುತ್ತಾರೆ. ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಬೀಗದ ಕೈ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಸ್ಕ್ಯಾನಿಗೆ ಓಡುವವರೂ ಗಾಳಿ ಬಿಡಿಸುವವರೂ ಬೇಡುವುದು ಒಂದನ್ನೇ, ಇವತ್ತೇ ಮುಗಿಯುವ ಒಂದು ಕಾರಣ.

ಬಚ್ಚಿಡುವುದು ಮೂರನೆಯ ಬಗೆ. ಹೆಣ್ಣುಮಗುವಾದರಂತೂ ‘ನಾಳೆ ಮದುವೆ ಮಾಡಬೇಕು, ಯಾರಿಗೂ ಹೇಳಬೇಡಿ’ ಎಂಬ ಮಾತು ಮೊದಲ ದಿನವೇ ಮನೆಯಲ್ಲಿ ಹುಟ್ಟುತ್ತದೆ. ಈ ಭಯಕ್ಕೆ ಕಾನೂನಿನ ಬೆನ್ನಾಸರೆಯೂ ಇತ್ತು: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವನ್ನೂ ಕೂರಿಸಲಾಗಿತ್ತು. ಸಂಸತ್ತು ಅದನ್ನು 1999ರಲ್ಲಿ ತೆಗೆದುಹಾಕಿತು. ಮನೆಗಳಿಂದ ಅದು ಇನ್ನೂ ಹೋಗಿಲ್ಲ. ಬಚ್ಚಿಟ್ಟ ಫಿಟ್ಸಿಗೆ ಸಾಕ್ಷಿಗಳೂ ಇಲ್ಲವಾಗುತ್ತಾರೆ. ಅಂಗನವಾಡಿಯ ಟೀಚರಿಗೆ ತಿಳಿಸಿದ್ದರೆ, ಮಗು ಆಡುತ್ತ ಆಡುತ್ತ ಹತ್ತು ಸೆಕೆಂಡು ಶೂನ್ಯ ನೋಡುವುದನ್ನು ಆಕೆ ಗಮನಿಸುತ್ತಿದ್ದಳು. ಬೆಳಿಗ್ಗೆ ಎದ್ದಾಗ ಕೈ ಜುಮ್ಮೆಂದು ಹಾರಿ ಲೋಟ ಬೀಳಿಸುವುದು ಅಜ್ಜಿಗೆ ನೆನಪಾಗುತ್ತಿತ್ತು. ಮೊದಲನೆಯದೆಂದು ತಂದೆತಾಯಿ ನಂಬಿದ ಫಿಟ್ಸ್ ಎಷ್ಟೋ ಸಲ ಮೊದಲನೆಯದಾಗಿರುವುದೇ ಇಲ್ಲ, ಹಾಗಿದ್ದಾಗ ಲೆಕ್ಕವೇ ಬದಲಾಗುತ್ತದೆ.

ಇದಕ್ಕೆಲ್ಲ ಒಂದು ಗಂಭೀರ ಆಕ್ಷೇಪ ಇದೆ, ಅದನ್ನು ಎದುರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕ. ಕಾಯಿರಿ ಎನ್ನುವುದು ಪಟ್ಟಣದ ವೈದ್ಯನಿಗೆ ಸುಲಭ. ಮಧ್ಯರಾತ್ರಿ ನಂಗಲಿಯ ಪಕ್ಕದ ಹಳ್ಳಿಯಲ್ಲಿ ಮಗು ಮತ್ತೆ ಅದುರಿದರೆ, ಮೆನಿಂಜೈಟಿಸ್ ಆಗಿದ್ದರೆ, ಗಡ್ಡೆ ಇದ್ದರೆ? ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ಕಾಯುವುದಕ್ಕೆ ಗಡಿಗಳಿವೆ. ಮೊದಲ ಫಿಟ್ಸ್ ಬಂದ ಪ್ರತಿ ಮಗುವನ್ನೂ ಅಂದೇ ಡಾಕ್ಟರು ನೋಡಲೇಬೇಕು. ಐದು ನಿಮಿಷ ದಾಟಿದ ಫಿಟ್ಸು, ನಿಂತ ಮೇಲೂ ಎಚ್ಚರಾಗದ ಮಗು, ಕತ್ತು ಸೆಟೆದ ಜ್ವರ, ತಲೆಗೆ ಪೆಟ್ಟು, ಒಂದು ಕಡೆಯ ಬಲ ಕುಂದುವುದು, ಆರು ತಿಂಗಳೊಳಗಿನ ಕೂಸು: ಇವುಗಳಲ್ಲಿ ಒಂದು ಗಂಟೆಯೂ ಕಾಯುವಂತಿಲ್ಲ, 108ಕ್ಕೆ ಕರೆ ಹೋಗಬೇಕು. ಇನ್ನೊಂದು ಇದೆ, ಅದು ಸದ್ದಿಲ್ಲದ್ದು: ಮೂರು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದೆದ್ದಾಗ ಸಾಲುಸಾಲಾಗಿ ಬೆಚ್ಚಿದಂತೆ ಮುಂದಕ್ಕೆ ಬಾಗಿ ಕೈ ಚಾಚುವುದು. ಹೊಟ್ಟೆನೋವೆಂದು ಗ್ರೈಪ್ ವಾಟರ್ ಕುಡಿಸಿ ವಾರಗಳನ್ನು ಕಳೆಯುವ ಈ ಸ್ಥಿತಿಯಲ್ಲಿ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆ ಹಿಂದೆ ಬೀಳುತ್ತದೆ. ಇಲ್ಲಿ ಕೂಡಲೇ ಇಇಜಿ, ಕೂಡಲೇ ಔಷಧ. ಅವಸರ ಬೇಕಾದ ಮಕ್ಕಳಿಗೆ ಅವಸರ ಸಿಗುವುದೂ, ಬೇಡವಾದ ಮಕ್ಕಳನ್ನು ಸ್ಕ್ಯಾನಿನ ಸಾಲಿನಿಂದ ಹೊರಗಿಟ್ಟಾಗಲೇ.

ಮೂರ್ಛೆರೋಗವೆಂದು ನಿಜಕ್ಕೂ ತೀರ್ಮಾನವಾದ ಮಗುವಿಗೆ ಮಾತ್ರೆ ತಪ್ಪಿಸುವುದಕ್ಕೂ ಈ ವಾದವನ್ನು ಬಳಸುವಂತಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಕೆ.ಎಸ್. ಮಣಿ ಮತ್ತು ಜೊತೆಗಾರರು ಅಗ್ಗದ ಫಿನೋಬಾರ್ಬಿಟಾಲ್, ಫಿನಿಟಾಯಿನ್ ಗುಳಿಗೆಗಳಿಂದಲೇ ಫಿಟ್ಸನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಆ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದೇ ಔಷಧ ಬೇಕಾದವರಿಗೆ ಬದುಕು ಕೊಡುತ್ತದೆ, ಬೇಡದ ಎಳೆಯ ಮಗುವಿನಿಂದ ಕಲಿಯುವ ಶಕ್ತಿಯನ್ನು ಕಸಿಯುತ್ತದೆ.

ಕಾಯುವ ಮನೆಗೆ ಬರಿಗೈಯಲ್ಲಿ ಕಾಯಿರಿ ಎಂದು ಹೇಳಿ ಕಳಿಸುವುದು ಮಾತ್ರ ಕ್ರೌರ್ಯ. ಮೊದಲ ಫಿಟ್ಸಿನ ಮಗು ಆಸ್ಪತ್ರೆಯಿಂದ ಹೊರಡುವಾಗ ಕನ್ನಡದಲ್ಲಿ, ಈ ಗಡಿಯಲ್ಲಾದರೆ ತೆಲುಗಿನಲ್ಲೂ, ಬರೆದ ಒಂದು ಹಾಳೆ ಜೊತೆಗಿರಬೇಕು. ಮತ್ತೆ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, ಬಾಯಿಗೆ ಏನೂ ಹಾಕಬೇಡಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಡಾಕ್ಟರು ಬರೆದುಕೊಟ್ಟಿದ್ದರೆ ಐದು ನಿಮಿಷಕ್ಕೆ ಮಿಡಜೋಲಮ್ ಮೂಗಿನ ಸ್ಪ್ರೇ. ಕೆಲವು ತಿಂಗಳು ಮಗು ಒಂಟಿಯಾಗಿ ಬಾವಿ, ಕೆರೆಯ ಕಡೆ, ತೋಟದ ಕೃಷಿ ಹೊಂಡದ ಕಡೆ ಹೋಗದಿರಲಿ, ಬಚ್ಚಲ ಬಾಗಿಲು ಒಳಗಿಂದ ಚಿಲಕ ಹಾಕದಿರಲಿ. ಶಾಲೆಗೆ ಹೋಗಲಿ, ಆಡಲಿ. ಆ ವಿಡಿಯೊ ತುಣುಕು ಎಷ್ಟೋ ಸಲ ತಜ್ಞರಿಗೆ ಇಇಜಿಗಿಂತ ಹೆಚ್ಚು ಹೇಳುತ್ತದೆ. ಅದಕ್ಕೆ ಬೇಕಾದ ಯಂತ್ರ ಈಗಾಗಲೇ ನಂಗಲಿಯ ಮನೆಮನೆಯಲ್ಲೂ ಇದೆ.

ಕೋಲಾರ ಜಿಲ್ಲೆಗೆ ಈ ವಿಷಯದಲ್ಲಿ ಹೆಚ್ಚಿನ ಜಿಲ್ಲೆಗಳಿಗಿಲ್ಲದ ಅನುಕೂಲ ಇತ್ತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರ ಜನವರಿಯಲ್ಲಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಪ್ರಯೋಗಕ್ಕೆ ಆರಿಸಿಕೊಂಡ ಪ್ರದೇಶಗಳಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ನಗರದ ದಕ್ಷಿಣ ಭಾಗದ ಜೊತೆ ಕೋಲಾರವೂ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಫಿಟ್ಸ್, ತಲೆನೋವು, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಡುವುದು ಅದರ ಉದ್ದೇಶ. ಇದರ ಅಗತ್ಯ ಎಷ್ಟೆಂದು ನಿಮ್ಹಾನ್ಸ್‌ನ ಎಂ. ಗೌರಿದೇವಿ, ಜಿ. ಗುರುರಾಜ್ ಮತ್ತಿತರರು ಬೆಂಗಳೂರು ಸುತ್ತಿನ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ್ದರು: ಮೂರ್ಛೆರೋಗ ಪಟ್ಟಣದಲ್ಲಿ 1000ಕ್ಕೆ ಆರರಷ್ಟಿದ್ದರೆ ಹಳ್ಳಿಯಲ್ಲಿ ಹನ್ನೆರಡರಷ್ಟು. ಹಳ್ಳಿಯಲ್ಲಿ ರೋಗ ಎರಡು ಪಟ್ಟು, ತಜ್ಞರೆಲ್ಲ ಪಟ್ಟಣದಲ್ಲಿ. ಹಾಗಾಗಿ ಮೊದಲ ಫಿಟ್ಸಿನ ಮಗುವನ್ನು ಮೊದಲು ನೋಡುವವರು ಎಂಬಿಬಿಎಸ್ ಮುಗಿಸಿದ ಯುವ ವೈದ್ಯರೇ. ಆ ವೈದ್ಯೆಗೆ ಬೇಕಾದದ್ದು ತಾಯಿಯನ್ನು ಕೂರಿಸಿ ಕೇಳಲು ಕಾಲು ಗಂಟೆ, ಔಷಧದ ಬೀರುವಿನಲ್ಲಿ ಮಿಡಜೋಲಮ್, ಅನುಮಾನ ಬಂದರೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ವಿಡಿಯೊ ಕಳಿಸಿ ಕೇಳುವ ದಾರಿ, ಮತ್ತು ಚೀಟಿಯಲ್ಲಿ ‘ಮೊದಲ ಫಿಟ್ಸ್, ಕಾರಣ ಸದ್ಯಕ್ಕೆ ತಿಳಿದಿಲ್ಲ, ಮಾತ್ರೆ ಬೇಡ, ಆರು ವಾರಕ್ಕೆ ಮತ್ತೆ ಬನ್ನಿ’ ಎಂದು ಬರೆದರೆ ಮೇಲಧಿಕಾರಿಗಳೂ ಊರವರೂ ತನ್ನನ್ನು ಬೈಯುವುದಿಲ್ಲ ಎಂಬ ಭರವಸೆ. ಮೊದಲ ಮೂರನ್ನು ಸರ್ಕಾರ ಕೊಡಬೇಕು. ನಾಲ್ಕನೆಯದು ಮಗುವನ್ನು ಎತ್ತಿಕೊಂಡು ಬರುವ ಅಪ್ಪ ಅಮ್ಮ, ಜೊತೆಗೆ ಬರುವ ಚಿಕ್ಕಪ್ಪ, ಸೋದರಮಾವಂದಿರ ಕೈಯಲ್ಲಿದೆ.